ಮುಂಗಡ ಮಾತು

ಆ ಊರಿನಲ್ಲಿ ನಾನು ಆಡಿದ ಮಾತು ಅಲ್ಲಿನವರಿಗೆ ಒಂಬತ್ತು ದಿನ ಬಿಟ್ಟು ಕೇಳಿಸುತ್ತಿತ್ತು. ಅವರು ಆಡಿದ್ದು ನನಗೆ ಕೂಡಲೇ ಕೇಳುತ್ತಿತ್ತು. ಪಕ್ಕದ ದೇಶಗಳಿಂದ ಓದಲು ಬಂದವರ ಮಾತು ಅರ್ಧ ಗಂಟೆ ತಡ, ಬೆಟ್ಟಸಾಲಿನ ಆಚೆಯವರದು ಒಂದು ದಿನ, ಕಡಲು ದಾಟಿ ಬಂದ ನಮ್ಮಂಥವರದು ಒಂಬತ್ತು. ಒಂದೇ ನೆಲದಿಂದ ಬಂದವರು ಮಾತ್ರ ಒಬ್ಬರ ಮಾತನ್ನು ಒಬ್ಬರು ಆಗಲೇ ಕೇಳಬಹುದಿತ್ತು. ಮನೆಯಿಂದ ಬರುವ ಫೋನಿಗೂ ತಡವಿರಲಿಲ್ಲ.

ಆಡಿದ ಮಾತು ಆಡಿದ ಜಾಗದಲ್ಲೇ ಕಾಯುತ್ತಿತ್ತು. ದಿನ ತುಂಬಿದಾಗ, ಆಡಿದ ಹೊತ್ತಿಗೆ ಸರಿಯಾಗಿ, ಅಲ್ಲಿ ಯಾರಿದ್ದರೆ ಅವರಿಗೆಲ್ಲ ಕೇಳಿಸುತ್ತಿತ್ತು. ಬೆಳಗಿನ ಮಂಜು ಬೀದಿಯಿಂದ ಇನ್ನೂ ಎದ್ದಿರದ ಹೊತ್ತಿನಲ್ಲಿ ಟ್ರಾಮ್ ನಿಲ್ದಾಣದ ಬೆಂಚಿನ ಹತ್ತಿರ ‘ಸ್ವಲ್ಪ ಜಾಗ ಬಿಡ್ತೀರಾ’ ಎಂದು ಒಂದು ಸ್ವರ ಕೇಳುತ್ತಿತ್ತು. ಕೇಳಿದವರು ಯಾರೂ ಇರುತ್ತಿರಲಿಲ್ಲ. ಮುದುಕರೊಬ್ಬರು ಪತ್ರಿಕೆಯಿಂದ ತಲೆ ಎತ್ತದೆ ಪಕ್ಕಕ್ಕೆ ಸರಿಯುತ್ತಿದ್ದರು. ಬೇಕರಿಯ ಬಾಗಿಲಲ್ಲಿ ಹಿಂದಿನ ವಾರದ ಧನ್ಯವಾದಗಳು ಒಂದೊಂದಾಗಿ ಬರುತ್ತಿದ್ದವು. ಬೇಕರಿಯ ಹೆಂಗಸು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಖಾಲಿ ಹೊಸ್ತಿಲಿಗೆ ‘ಇರಲಿ ಬಿಡಿ’ ಎನ್ನುತ್ತಿದ್ದಳು. ಅಂಗಡಿಗಳಲ್ಲಿ ನಾವು ಬೆರಳು ತೋರಿಸಿ ಕೊಳ್ಳುತ್ತಿದ್ದೆವು. ತರಗತಿಯಲ್ಲಿ ಬರೆದು ಕೊಡುತ್ತಿದ್ದೆವು. ಮೂರು ತಿಂಗಳಲ್ಲಿ ನಾನೂ ಮಾತು ಕಡಿಮೆ ಮಾಡುವುದನ್ನು ಕಲಿತೆ. ನನಗೆ ಕಲಿಯುವುದು ಹೆಚ್ಚೇನೂ ಇರಲಿಲ್ಲ.

ನಾನು ಬೀಜವಿಜ್ಞಾನ ಓದಿದವಳು. ಮೇಲಿನ ಓದಿಗೆ ಅರ್ಜಿ ಹಾಕುವಾಗ ನಕ್ಷೆಯಲ್ಲಿ ನನಗೆ ಬೇಕಾಗಿದ್ದದ್ದು ಒಂದೇ: ಓಂಕಾರ ಒಂದು ಮಾತನ್ನೂ ಆಡಿರದ ಊರು. ಓಂಕಾರ ನನ್ನ ಗಂಡ. ನಮ್ಮೂರ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮದುವೆಯಾಗಿ ಎರಡು ವರ್ಷ ಮೂರು ತಿಂಗಳಿಗೆ, ಕಾಲುವೆಯ ಅಳತೆ ನೋಡಲು ಎಂಜಿನಿಯರ ಜೊತೆ ಹೋದವನು, ಏರಿಯ ಮೇಲೆ ಜೀಪು ಉರುಳಿ ಸತ್ತ. ನಾಲ್ಕು ತಿಂಗಳ ಮೇಲೆ ನಾನು ಈ ಊರಿಗೆ ಬಂದೆ. ಬರುವ ದಿನ ನನ್ನತ್ತೆ ‘ಅತ್ತಾದ್ರೂ ಹೋಗು’ ಎಂದು ಬೈದರು. ಎಲ್ಲರೂ ಎದುರು ನೋಡುತ್ತಿದ್ದ ಆ ಅಳು ನನಗೆ ಬರಲೇ ಇಲ್ಲ.

ಓದು ಒಂದು ವರ್ಷದ್ದು. ಕೊನೆಯ ಮೂರು ತಿಂಗಳು ಊರಿನ ಯಾವುದಾದರೂ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕು. ಅದು ಸಿಗದಿದ್ದರೆ ಪದವಿ ಇಲ್ಲ, ಇರಲು ಪರವಾನಗಿಯೂ ಇಲ್ಲ. ವಿಶ್ವವಿದ್ಯಾಲಯ ಹುಡುಕಿ ಕೊಡುತ್ತಿರಲಿಲ್ಲ, ಸಂಸ್ಥೆಗಳ ಹೆಸರುಗಳನ್ನು ಮಾತ್ರ ಗೋಡೆಗೆ ಅಂಟಿಸುತ್ತಿತ್ತು. ಅರ್ಜಿಯನ್ನು ಬರೆದು ಕೊಡಬಹುದು, ಆದರೆ ಆಯ್ಕೆ ಸ್ವರ ಕೇಳಿದ ಮೇಲೆಯೇ. ಬರಹ ನೋಡಿ ಕೆಲಸ ಕೊಡುವ ಪದ್ಧತಿ ಆ ಊರಿನಲ್ಲಿಲ್ಲ.

ಅದಕ್ಕೆ ನಮ್ಮಂಥವರಿಗೆ ಮುಂಗಡ ಮಾತಿನ ಏರ್ಪಾಡು ಇತ್ತು. ಸಂದರ್ಶನಕ್ಕೆ ಒಂಬತ್ತು ದಿನ ಮೊದಲು, ಅದೇ ಹೊತ್ತಿಗೆ, ಅದೇ ಕೋಣೆಗೆ ಹೋಗಬೇಕು. ಬೇರೆ ದನಿ ಬೆರೆಯದಿರಲೆಂದು ಕಾವಲಿನವನು ಹೊರಗಿನಿಂದ ಬೀಗ ಹಾಕುತ್ತಾನೆ. ಅರ್ಧ ಗಂಟೆ. ಖಾಲಿ ಕುರ್ಚಿಗಳ ಎದುರು ಕೂತು, ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಪ್ರಶ್ನೆಗೆ ಇಷ್ಟು, ಉತ್ತರಕ್ಕೆ ಇಷ್ಟು ಎಂದು ಗಡಿಯಾರ ನೋಡಿ ನಡುವೆ ಜಾಗ ಬಿಡಬೇಕು. ಒಂಬತ್ತು ದಿನ ಕಳೆದು ಮತ್ತೆ ಹೋಗಿ ಬಾಯಿ ಮುಚ್ಚಿ ಕೂರಬೇಕು. ಅವರು ಕೇಳುತ್ತಾರೆ, ಅಂದು ಬಿಟ್ಟುಹೋದ ಸ್ವರ ಉತ್ತರ ಕೊಡುತ್ತದೆ. ಎರಡೂ ಹೊಂದಿದರೆ ಕೆಲಸ.

ನನ್ನದು ಏಳು ಕಡೆ ಹೊಂದಲಿಲ್ಲ. ಹಿಟ್ಟಿನ ಗಿರಣಿಯ ಪ್ರಯೋಗಾಲಯದಲ್ಲಿ ಸಂದರ್ಶಕರಿಗೆ ಕೆಮ್ಮು ಬಂದು ಎರಡು ನಿಮಿಷ ತಡವಾಯಿತು. ನಿಮ್ಮ ದೌರ್ಬಲ್ಯವೇನು ಎಂದು ಕೇಳಿದಾಗ ನನ್ನ ಸ್ವರ ‘ಗೋಧಿ ಮತ್ತು ಬಾರ್ಲಿ’ ಎಂದಿತು. ಹೂತೋಟದವರು ಮೊದಲೇ ಚಹಾ ಬೇಕೆ ಎಂದು ಕೇಳಿಬಿಟ್ಟರು. ನಾನು ಹುಟ್ಟಿದ ಊರು, ಓದಿದ ಕಾಲೇಜು, ಪಡೆದ ಅಂಕ ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ನಯವಾಗಿ ಬಾಗಿಲು ತೆರೆದರು. ಒಂದು ಕಡೆಯಂತೂ ಕೋಣೆಯನ್ನೇ ಬದಲಾಯಿಸಿದ್ದರು. ಪಕ್ಕದ ಖಾಲಿ ಕೋಣೆಯಲ್ಲಿ ನನ್ನ ಸ್ವರ ಅಚ್ಚುಕಟ್ಟಾಗಿ ಉತ್ತರ ಹೇಳುತ್ತಿರುವುದು ಗೋಡೆಯಾಚೆಯಿಂದ ಸಣ್ಣಗೆ ಕೇಳುತ್ತಿತ್ತು. ನಾವೆಲ್ಲ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿದೆವು.

ಇದನ್ನು ಹೇಳಿದಾಗ ಗುರುಶಾಂತಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಮಖಂಡಿ ಕಡೆಯವರು. ನಮ್ಮ ಹಾಸ್ಟೆಲಿನ ಬಟ್ಟೆ ಒಗೆಯುವ ಯಂತ್ರಗಳ ಕೋಣೆ ಅವರ ಸುಪರ್ದಿನಲ್ಲಿತ್ತು. ಗಂಡನ ಜೊತೆ ಆ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಗಂಡ ಬೇರೆ ಊರಿನಲ್ಲಿ ಬೇರೆ ಸಂಸಾರ ಮಾಡಿಕೊಂಡು ಹದಿನಾರು ವರ್ಷ. ಅವರ ಮಾತಿನ ತಡ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು ಈಗ ಒಂದು ಪಾತ್ರೆ ಹಾಲು ಉಕ್ಕುವಷ್ಟು ಹೊತ್ತಿಗೆ ನಿಂತಿತ್ತು. ಅಲ್ಲಿಂದ ಕೆಳಗೆ ಅದು ಇಳಿಯುವುದಿಲ್ಲ ಎನ್ನುತ್ತಿದ್ದರು. “ಅಷ್ಟಾದ್ರೂ ಇರ್ಲಿ ಬಿಡವ್ವಾ. ಬೈದು ಮನೀ ಮುಟ್ಟಾಕ ಹೊತ್ತು ಸಿಗತೈತಿ.”

ಊರಿಂದ ಪ್ರತಿ ಭಾನುವಾರ ರುದ್ರೇಶ ಭಾವ ಫೋನು ಮಾಡುತ್ತಿದ್ದರು. ಓಂಕಾರನ ಅಣ್ಣ. ಒಳ್ಳೆಯವರು. ಅನುಕಂಪದ ಮೇಲೆ ನನಗೆ ಅದೇ ನೀರಾವರಿ ಕಚೇರಿಯಲ್ಲಿ ಕೆಲಸ ಸಿಗುವುದಿತ್ತು. ಸಾಹೇಬರು ಅವನ ಮೇಜನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲವಂತೆ. ವರ್ಷ ತುಂಬುವುದರೊಳಗೆ ನಾನೇ ಹೋಗಿ ಅರ್ಜಿಗೆ ಸಹಿ ಹಾಕಿ ಕೊಡಬೇಕು, ದಿನ ದಾಟಿದರೆ ಆಗುವುದಿಲ್ಲ ಎನ್ನುತ್ತಿದ್ದರು. ಆ ಕುರ್ಚಿ ನಾನು ನೋಡಿದ್ದೆ. ಬೆನ್ನಿನ ಹೆಣಿಗೆ ಹರಿದ ಕಡೆ ಅವನು ಒಂದು ಟವೆಲು ಕಟ್ಟಿಕೊಂಡಿದ್ದ. ಅದರಲ್ಲಿ ಮೂವತ್ತು ವರ್ಷ ಕೂರುವುದು, ಅವನ ಕೈಬರಹದ ಕಡತಗಳನ್ನು ಒಂದೊಂದೇ ಮುಗಿಸುವುದು, ಹೊಸದಾಗಿ ಬಂದವರಿಗೆಲ್ಲ ಯಾರಾದರೂ ದನಿ ತಗ್ಗಿಸಿ ನಾನು ಯಾರೆಂದು ಹೇಳುವುದು. ಹೋಗುವುದಿಲ್ಲವೆನ್ನಲು ಮಾತ್ರ ನನ್ನ ಬಳಿ ಏನೂ ಇರಲಿಲ್ಲ. ಇಂಟರ್ನ್‌ಶಿಪ್ ಸಿಕ್ಕರೆ ಒಂದು ಕಾರಣವಾಗುತ್ತಿತ್ತು.

ಎಂಟನೆಯದು ಬೀಜದ ಮನೆ. ಊರ ಹಿಂದಿನ ಗುಡ್ಡದ ಮೇಲೆ ಸುಣ್ಣಗಲ್ಲಿನ ಉದ್ದನೆಯ ಕಟ್ಟಡ. ಸುತ್ತಲಿನ ಸೀಮೆಯಲ್ಲಿ ಬೆಳೆಯುವ ಎಲ್ಲದರ ಬೀಜವನ್ನೂ ಅಲ್ಲಿ ತಣ್ಣಗೆ ಇಡುತ್ತಿದ್ದರು. ಕೆಲವು ವರ್ಷಕ್ಕೊಮ್ಮೆ ಒಂದು ಹಿಡಿ ತೆಗೆದು, ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದದ ಮೇಲೆ ಹರಡಿ, ಎಷ್ಟು ಮೊಳೆಯುತ್ತವೆ ಎಂದು ಎಣಿಸುತ್ತಿದ್ದರು. ಅಲ್ಲಿಗೆ ಇಂಟರ್ನ್ ಬೇಕಾಗಿದ್ದದ್ದು ಎಣಿಸಲಿಕ್ಕೆ. ನನಗೆ ನಿಜವಾಗಿ ಬರುತ್ತಿದ್ದ ಕೆಲಸ ಅದೊಂದೇ.

ಮುಂಗಡ ಮಾತಿಗೆ ಹೋದ ದಿನ ಮಂಜು ಕೆಳಗೇ ಉಳಿದು ಗುಡ್ಡದ ಮೇಲೆ ಬಿಸಿಲಿತ್ತು. ಕೆಳಗಿನ ಊರು ಹಾಲಿನಲ್ಲಿ ಮುಳುಗಿದಂತೆ ಕಾಣುತ್ತಿತ್ತು, ಟ್ರಾಮಿನ ಗಂಟೆಗಳು ಮಾತ್ರ ಮೇಲೆ ಬರುತ್ತಿದ್ದವು. ಕಾವಲಿನವನು ಬೀಗ ಹಾಕಿದ. ಗಡಿಯಾರ ನೋಡಿಕೊಂಡು ಶುರು ಮಾಡಿದೆ. ಹೆಸರು, ಓದು, ಮೆಣಸಿನ ಬೀಜದ ಮೇಲೆ ಮಾಡಿದ ಕೆಲಸ, ಈ ಊರನ್ನೇ ಯಾಕೆ ಆರಿಸಿಕೊಂಡೆ. ಕೊನೆಯದಕ್ಕೆ ಸುಳ್ಳು ಹೇಳಿದೆ. ಎಲ್ಲ ಹತ್ತೊಂಬತ್ತು ನಿಮಿಷಕ್ಕೆ ಮುಗಿಯಿತು. ಹನ್ನೊಂದು ನಿಮಿಷ ಉಳಿದಿತ್ತು. ಅಂಥ ಉಳಿಕೆಯಲ್ಲಿ ಸುಮ್ಮನಿರಬೇಕೆಂದು ನಮಗೆಲ್ಲ ಗೊತ್ತು.

ಕಿಟಕಿಯ ಕಟ್ಟೆಯ ಮೇಲೆ ಯಾರೋ ಒಂದು ತಟ್ಟೆ ಮರೆತಿದ್ದರು. ಅದರಲ್ಲಿ ಮೊಳಕೆಗಳು ಎಣಿಕೆಯ ದಿನ ಮೀರಿ ಬೆಳೆದು, ಬಿಳಿಯ ಕಾಂಡ ಉದ್ದವಾಗಿ, ಮುಚ್ಚಳಕ್ಕೆ ತಲೆ ತಾಗಿಸಿ ಬಾಗಿದ್ದವು. ನಾನು ನೋಡಿದೆ. ಆಮೇಲೆ ನನ್ನ ಸ್ವರ ಕೇಳಿತು. ಕನ್ನಡದಲ್ಲಿ, ಎದುರಿನ ಖಾಲಿ ಕುರ್ಚಿಗೆ, ಯಾರಿಗೂ ಹೇಳದಿದ್ದ ಒಂದನ್ನು ಹೇಳುತ್ತಿತ್ತು. ಹೇಳಿ ಮುಗಿಯುವ ತನಕ ಅದು ಒಂಬತ್ತು ದಿನಕ್ಕೆ ಅದೇ ಕೋಣೆಯಲ್ಲಿ, ಸಂದರ್ಶಕರ ಎದುರಿಗೆ ಮತ್ತೆ ಕೇಳುತ್ತದೆಂಬುದು ನೆನಪಾಗಲಿಲ್ಲ. ಬೀಗ ತೆರೆದ ಸದ್ದಾಯಿತು.

ಗುಡ್ಡ ಇಳಿದವಳೇ ನೇರ ಯಂತ್ರದ ಕೋಣೆಗೆ ಹೋದೆ. ಗುರುಶಾಂತಕ್ಕ ಹಾಸಿಗೆ ಹೊದಿಕೆ ಮಡಿಸುತ್ತಿದ್ದರು. ಆಡಿದ ಮಾತನ್ನು ತೆಗೆಯಲು ದಾರಿಯಿದೆಯೇ ಎಂದು ಕೇಳಿದೆ. ಇಲ್ಲವೆಂದರು. ಹೋದ ವರ್ಷ ಒಬ್ಬ ಹುಡುಗ ಹೀಗೇ ಉಳಿದ ಹೊತ್ತಿನಲ್ಲಿ ಸಂದರ್ಶಕರ ಟೋಪಿಯ ಬಗ್ಗೆ ಏನೋ ಹಾಡು ಕಟ್ಟಿ ಹಾಡಿಬಿಟ್ಟಿದ್ದ, ಅದನ್ನು ಮುಚ್ಚಲು ಎಷ್ಟು ಕಿರುಚಿದರೂ ಹಾಡು ಹಾಡೇ ಆಗಿ ಕೇಳಿತಂತೆ. ಹೊದಿಕೆಯ ಎರಡು ತುದಿ ನನ್ನ ಕೈಗೆ ಕೊಟ್ಟು ಎಳೆದು ಹಿಡಿಯಲು ಹೇಳಿದರು.

“ಏನ್ ಅಂದಿ ಅಂಥಾದ್ದು?”

“ಓಂಕಾರನ ವಿಷಯ ಒಂದು.”

ಅವರು ಹೊದಿಕೆ ಮಡಿಸಿ ಮುಗಿಸಿದರು. ಇನ್ನೊಂದು ತೆಗೆದುಕೊಂಡರು. “ಹೇಳಬ್ಯಾಡ ಬಿಡು. ಒಂಬತ್ತು ದಿನಕ್ಕ ಅದ ಹೇಳತೈತಿ. ನಾ ಬರತೇನಿ ನಿನ್ನ ಕೂಡ. ತಿಳೀದ ಮಾತು ಕೇಳಿದ್ರ ಅವರು ಹುಚ್ಚಿ ಅಂತ ತಿಳಕೋತಾರ. ತಿಳಿಸಿ ಹೇಳಾಕ ಒಂದು ಬಾಯಿ ಬೇಕಲ್ಲ.” ಒಂದೇ ನೆಲದವರು ಒಬ್ಬರು ಜೊತೆಗೆ ಕೂರಲು ಆ ಊರಿನಲ್ಲಿ ಅಡ್ಡಿಯಿರಲಿಲ್ಲ.

ಆ ಒಂಬತ್ತು ದಿನಗಳಲ್ಲಿ ಭಾವ ಎರಡು ಸಲ ಫೋನು ಮಾಡಿದರು. ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು. ಸಂದರ್ಶನವಾದ ಐದನೆಯ ದಿನದೊಳಗೆ ನಾನು ವಿಮಾನ ಹತ್ತಿದರೆ ಮಾತ್ರ ಸಮಯಕ್ಕೆ ಸರಿಯಾಗಿ ಕಚೇರಿಯಲ್ಲಿ ನಿಲ್ಲಬಹುದಿತ್ತು. ಸಂದರ್ಶನ ಮುಗಿಸಿ ಹೇಳುತ್ತೇನೆಂದೆ.

ಬೀಜದ ಮನೆಯ ಮುಖ್ಯಸ್ಥೆ ಓರ್ಸಿನ್ ಎಂಬವರು. ಅರವತ್ತು ದಾಟಿದ, ಉಗುರಿನಲ್ಲಿ ಮಣ್ಣಿರುವ ಹೆಂಗಸು. ಮೇಜಿನ ಆಚೆ ಅವರೊಬ್ಬರೇ ಕೂತಿದ್ದರು. ನನಗೂ ಗುರುಶಾಂತಕ್ಕನಿಗೂ ಕುರ್ಚಿ ತೋರಿಸಿ, ತಾವು ಪ್ರಶ್ನೆ ಕೇಳುವುದಿಲ್ಲವೆಂದೂ ಬಂದವರು ಏನು ಹೇಳಿಹೋಗಿದ್ದಾರೋ ಅದನ್ನೇ ಕೇಳುವುದು ತಮ್ಮ ರೂಢಿಯೆಂದೂ ಹೇಳಿದರು. ಹೊತ್ತಾಯಿತು. ನನ್ನ ಸ್ವರ ನನ್ನ ಕುರ್ಚಿಯಿಂದಲೇ ಶುರುವಾಯಿತು. ಹೆಸರು, ಓದು, ಮೆಣಸಿನ ಬೀಜ. ಕೇಳುತ್ತ ಕೂತರೆ ಯಾರೋ ಪರಿಚಯವಿಲ್ಲದ, ಸ್ವಲ್ಪ ಬೇಸರ ತರಿಸುವ ಹುಡುಗಿಯ ಹಾಗಿತ್ತು. ಓರ್ಸಿನ್ ಪೆನ್ಸಿಲಿನಿಂದ ಒಂದೆರಡು ಗುರುತು ಹಾಕಿಕೊಂಡರು. ಹತ್ತೊಂಬತ್ತನೆಯ ನಿಮಿಷಕ್ಕೆ ಸ್ವರ ನಿಂತಿತು. ಅವರು ಕಾಗದ ಮುಚ್ಚಲು ಹೋದರು. ಆಗ ಕನ್ನಡ ಬಂತು.

‘ನೀನು ಹೋದ ಐದನೇ ದಿನ ಆಫೀಸಿನಿಂದ ನಿನ್ನ ಡಬ್ಬಿ ಕಳಿಸಿದರು ಓಂಕಾರ. ಡ್ರಾಯರಿನಲ್ಲಿತ್ತಂತೆ. ಊಟಕ್ಕೆ ಮೊದಲೇ ಹೋದೆಯಲ್ಲ, ನೀನು ಮುಟ್ಟಿರಲಿಲ್ಲ. ಚಪಾತಿ ಬೂಸಲು ಹಿಡಿದಿತ್ತು. ಕೆಳಗಿನ ಡಬ್ಬಿಯಲ್ಲಿ ಮೊಳಕೆ ಹೆಸರುಕಾಳು. ನೀರು ಬಿಡುತ್ತದೆ ಅಂತ ಉಪ್ಪು ಬೇರೆ ಪೊಟ್ಟಣ ಕಟ್ಟಿದ್ದೆ. ಉಪ್ಪು ಹಾಕದೆ ಇದ್ದದ್ದಕ್ಕೆ ಅವು ಸಾಯದೆ ಬೆಳೆದಿದ್ದವು. ಕತ್ತಲಲ್ಲಿ, ಬೆಳ್ಳಗೆ, ಒಂದರ ಮೈಮೇಲೆ ಒಂದು. ಕೆಲವಕ್ಕೆ ಎರಡೆಲೆ. ಹೊರಗೆ ಅತ್ತೆ ಅಳ್ತಾ ಇದ್ದರು, ಎಲ್ಲರೂ ಇದ್ದರು. ನಾನು ಅಡುಗೆಮನೆ ಬಾಗಿಲು ಹಾಕಿಕೊಂಡು ಅವನ್ನ ಎಣಿಸಿದೆ. ನೂರ ಎಂಬತ್ತಾರು ಕಾಳು. ಬೆಳೆದದ್ದು ನೂರ ಐವತ್ತೊಂದು. ಕೊಳೆತದ್ದು ಮೂವತ್ತೈದು. ಶೇಕಡಾ ಎಂಬತ್ತೊಂದು. ಎರಡು ಸಲ ಎಣಿಸಿದೆ, ಲೆಕ್ಕ ಸರಿ ಇತ್ತು. ನನಗೆ ಅಳು ಬರಲಿಲ್ಲ. ಎಣಿಸೋದೊಂದೇ ಬಂತು.’

ಅಷ್ಟೇ. ಓರ್ಸಿನ್ ಗುರುಶಾಂತಕ್ಕನ ಕಡೆ ನೋಡಿದರು. ಗುರುಶಾಂತಕ್ಕ ಸೆರಗು ಸರಿ ಮಾಡಿಕೊಂಡು ಆ ಊರಿನ ಮಾತಿನಲ್ಲಿ ಹೇಳತೊಡಗಿದರು. ಡಬ್ಬಿ, ಡ್ರಾಯರು, ಉಪ್ಪಿನ ಪೊಟ್ಟಣ. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಸಂಖ್ಯೆಗಳು ಬಂದಾಗ ಒಮ್ಮೆ ನಿಂತು, ಸರಿಯೇ ಎಂದು ನನ್ನನ್ನು ನೋಡಿದರು. ನಾನು ಕಣ್ಣಲ್ಲೇ ಹೌದೆಂದೆ. ಅವರು ಹೇಳಿ ಮುಗಿಸಿದ ಮೇಲೂ ಓರ್ಸಿನ್‌ಗೆ ಇನ್ನೂ ಏನೂ ತಲುಪಿರಲಿಲ್ಲ. ಹಾಲು ಉಕ್ಕುವಷ್ಟು ಹೊತ್ತು ನಾವು ಮೂವರೂ ಕಾದೆವು. ನಮ್ಮಿಬ್ಬರಿಗೆ ಗೊತ್ತಿತ್ತು, ಅವರಿಗೆ ಇಲ್ಲ. ಅವರು ತಮ್ಮ ಉಗುರಿನ ಮಣ್ಣನ್ನು ಪೆನ್ಸಿಲಿನ ತುದಿಯಿಂದ ತೆಗೆಯುತ್ತಿದ್ದರು. ಗುರುಶಾಂತಕ್ಕ ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಸೋಪಿನಿಂದ ಒರಟಾದ ಕೈ.

ಮಾತು ಬಂದಾಗ ಓರ್ಸಿನ್ ಪೆನ್ಸಿಲು ಕೆಳಗಿಟ್ಟರು. ಕೊನೆಯ ತನಕ ಕೇಳಿದರು. ಸಂತಾಪದ ಮಾತೇನೂ ಆಡಲಿಲ್ಲ. ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು, ಅವರ ರೂಢಿಗೆ ವಿರುದ್ಧವಾಗಿ.

“ಎಣಿಸಿದ ಮೇಲೆ ಅವನ್ನು ಏನು ಮಾಡಿದಿರಿ?”

ಬೀಜದ ಮನೆಯಲ್ಲಿ ಎಣಿಕೆ ಮುಗಿದ ಮೊಳಕೆಯನ್ನು ಎಸೆಯುವುದಿಲ್ಲ, ಎಣಿಸಿದವರೇ ಹಿಂದಿನ ಇಳಿಜಾರಿನಲ್ಲಿ ನೆಟ್ಟು ಬರಬೇಕು. ಅದು ಅರ್ಜಿಯ ಕಾಗದದಲ್ಲೇ ಅಚ್ಚಾಗಿತ್ತು. ನೆಟ್ಟೆ ಎಂದರೆ ಸಾಕಿತ್ತು. ಯಾವ ಉತ್ತರವನ್ನೂ ಬಾಯಲ್ಲೇ ಹೇಳಬೇಕಿತ್ತು, ಅಲ್ಲಿ ಬರಹ ನಡೆಯುತ್ತಿರಲಿಲ್ಲ. ನಾನು ಅವರ ಭಾಷೆಯಲ್ಲಿಯೇ ಎರಡು ವಾಕ್ಯ ಹೇಳಿದೆ. ಗುರುಶಾಂತಕ್ಕನಿಗೆ ಅದು ಆಗಲೇ ಕೇಳಿತು. ಅವರು ಮಣಿಕಟ್ಟು ಬಿಟ್ಟು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅದನ್ನು ನಾನು ಹೇಳಲೇ ಎಂದು ಆಮೇಲೆ ಗುರುಶಾಂತಕ್ಕ ಕೇಳಿದಾಗ ಓರ್ಸಿನ್ ಬೇಡವೆಂದು ಕೈಯಾಡಿಸಿದರು. ಉತ್ತರ ಅದರ ದಿನಕ್ಕೆ ಬರಲಿ. ನಾಳೆಯಿಂದ ಬಂದು ಎಣಿಸುತ್ತಿರಿ. ಒಂಬತ್ತನೆಯ ದಿನ ಕೇಳಿದ ಮೇಲೆ ಸಹಿ ಹಾಕುವುದೋ ಬೇಡವೋ ಹೇಳುತ್ತೇನೆ ಎಂದರು.

ಗುಡ್ಡ ಇಳಿಯುವಾಗ ಗುರುಶಾಂತಕ್ಕ ನನ್ನ ಮುಂದೆ ನಡೆದರು. ಟ್ರಾಮ್ ಬರುವುದು ಕಂಡಾಗ, “ನಟ್ಟೆ ಅಂದಿದ್ರ ನಾ ಆಗಲೇ ಹೇಳಿಬಿಡತಿದ್ದೆ, ಕೆಲಸ ಇವತ್ತ ಆಗತಿತ್ತು” ಎಂದರು. ಬೈಗುಳವಲ್ಲ, ಒಗೆದ ಬಟ್ಟೆಯ ಲೆಕ್ಕ ಹೇಳುವ ಹಾಗೆ. ನಾನು ಗೊತ್ತಿತ್ತೆಂದೆ. ಅವರು ಟ್ರಾಮ್ ಹತ್ತಿ, ಪಕ್ಕದಲ್ಲಿ ಜಾಗ ಬಿಟ್ಟು ಕೂತರು.

ನಾಲ್ಕನೆಯ ದಿನ ಭಾವನಿಗೆ ನಾನೇ ಫೋನು ಮಾಡಿದೆ. ಟಿಕೆಟ್ಟಿನ ಮಾತು ತೆಗೆದರು. ನಾನು ಬರುವುದಿಲ್ಲವೆಂದೆ.

“ಇಂಟರ್ನ್‌ಶಿಪ್ ಸಿಗ್ತಾ ಅಂಗಾರೆ?”

“ಇನ್ನೂ ಗೊತ್ತಿಲ್ಲ ಭಾವ. ಐದು ದಿನ ಆಗುತ್ತೆ.”

ಆಚೆ ಕಡೆ ಟೀವಿ ಸಣ್ಣ ಮಾಡಿದ್ದು ಕೇಳಿತು. “ನೋಡಮ್ಮ, ನಾಳೆ ಹೊರಡ್ದಿದ್ರೆ ಅರ್ಜಿ ಹೋತು. ಆ ಕುರ್ಚಿ ಬ್ಯಾರೆಯೋರ ಪಾಲಾಗ್ತೈತೆ. ಅಲ್ಲಿಂದು ಸಿಗ್ದಿದ್ರೆ ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ. ಯೋಚ್ನೆ ಮಾಡಿ ಹೇಳ್ತಿದೀಯ ತಾನೆ?”

“ಹೂಂ. ಬೇರೆಯವರು ಕೂತ್ಕೊಳ್ಳಲಿ ಭಾವ. ಟವೆಲ್ ಮಾತ್ರ ಬಿಚ್ಚಿ ತಂದು ಅತ್ತೆಗೆ ಕೊಡಿ.”

ಅವರು ಊಟ ಆಯ್ತಾ ಎಂದು ಕೇಳಿದರು. ಆಯ್ತೆಂದೆ.

ಬೀಜದ ಮನೆಯಲ್ಲಿ ನನಗೆ ಸಂದರ್ಶನದ ಕೋಣೆಯ ಕಿಟಕಿ ಪಕ್ಕದಲ್ಲೇ ಮೇಜು ಕೊಟ್ಟಿದ್ದರು. ದಿನಕ್ಕೆ ಇಪ್ಪತ್ತು ತಟ್ಟೆ. ಚಿಮುಟದಿಂದ ಒಂದೊಂದನ್ನೇ ಎತ್ತಿ ಬದಿಗಿಟ್ಟು, ಮೊಳೆತದ್ದು, ಮೊಳೆಯದ್ದು, ಕೊಳೆತದ್ದು ಎಂದು ಬೇರೆ ಮಾಡುವುದು. ಸಂಜೆ ಮೊಳೆತವನ್ನು ಇಳಿಜಾರಿನಲ್ಲಿ ನೆಡುವುದು. ಅಲ್ಲಿ ಹಿಂದಿನವರು ನೆಟ್ಟ ಬಾರ್ಲಿ, ಬಟಾಣಿ, ಹೆಸರು ತಿಳಿಯದ ಹುಲ್ಲುಗಳು ಒಂದರೊಳಗೊಂದು ಕಲಸಿಕೊಂಡು ಗಾಳಿಗೆ ತೂಗುತ್ತಿದ್ದವು. ಯಾರೂ ಕೊಯ್ಯುತ್ತಿರಲಿಲ್ಲ. ಐದನೆಯ ದಿನ ಒಂದು ವಿಮಾನ ಮಂಜಿನ ಮೇಲಿನಿಂದ ಹೋಯಿತು. ನಾನು ಅರವತ್ತನಾಲ್ಕರಲ್ಲಿದ್ದೆ, ನಿಲ್ಲಿಸದೆ ನೂರರ ತನಕ ಎಣಿಸಿದೆ. ಎಣಿಕೆ ತಪ್ಪುವುದು ನನಗೆ ಅಭ್ಯಾಸವಿರಲಿಲ್ಲ. ಕಾಲೇಜಿನಲ್ಲಿಯೂ ನನ್ನ ತಟ್ಟೆಗಳನ್ನು ಯಾರೂ ಮರುಪರೀಕ್ಷೆ ಮಾಡುತ್ತಿರಲಿಲ್ಲ.

ಒಂಬತ್ತನೆಯ ದಿನ ಹೊತ್ತಾದಾಗ ಓರ್ಸಿನ್ ಬಂದು ಮೇಜಿನ ಆಚೆ ತಮ್ಮ ಕುರ್ಚಿಯಲ್ಲಿ ಕೂತರು. ಸಹಿ ಹಾಕಬೇಕಾದ ಕಾಗದ ಕೈಯಲ್ಲಿತ್ತು. ನನಗೆ ಏಳಬೇಡಿ, ಕೆಲಸ ಮಾಡುತ್ತಿರಿ ಎಂದರು. ನಾನು ಹೊಸ ತಟ್ಟೆ ತೆಗೆದುಕೊಂಡೆ. ಒಂದು, ಎರಡು, ಮೂರು. ಇಬ್ಬರ ನಡುವಿನ ಖಾಲಿ ಕುರ್ಚಿಯಿಂದ ನನ್ನ ಸ್ವರ ಬಂತು. ಮೊದಲಿನದರಂತೆ ಬೇಸರದ ಹುಡುಗಿಯದಾಗಿರಲಿಲ್ಲ, ಹೆಚ್ಚು ವಯಸ್ಸಿನವಳದಾಗಿತ್ತು.

‘ತಿಂದೆ. ಪೊಟ್ಟಣದಲ್ಲಿದ್ದ ಉಪ್ಪು ಹಾಕಿಕೊಂಡು ತಿಂದೆ.’

ಕೆಳಗೆ ಟ್ರಾಮಿನ ಗಂಟೆ ಆಯಿತು. ಓರ್ಸಿನ್ ಕಾಗದವನ್ನು ತಿರುಗಿಸಿ ಮೇಜಿನ ಮೇಲೆ ಇಟ್ಟರು. ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೇ ಕೂತಿದ್ದರು.

“ಕೊಳೆತವನ್ನೂ?”

ನಾನು ಹೌದೆಂದು ತಲೆಯಾಡಿಸಿದೆ.

ಅವರು ಸಹಿ ಹಾಕಿದರು. ತಾರೀಖು ಬರೆದರು. ಕಾಗದವನ್ನು ನನ್ನ ತಟ್ಟೆಗಳ ಸಾಲಿನ ಕೊನೆಗೆ ಇಟ್ಟು, ಅದು ಹಾರದಿರಲೆಂದು ಮೇಲೆ ಒಂದು ಖಾಲಿ ತಟ್ಟೆಯನ್ನು ಇಟ್ಟು ಎದ್ದು ಹೋದರು. ನಾನು ಚಿಮುಟ ಹಿಡಿದು ಮುಂದುವರಿಸಿದೆ. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತೊಂದು. ಒದ್ದೆ ಕಾಗದದ ಮೇಲಿನ ಬಿಳಿಯ ಕಾಂಡಗಳು ಒಂದಕ್ಕೊಂದು ಅಂಟಿಕೊಂಡು ಎರಡೆರಡಾಗಿ, ನಾಲ್ಕಾಗಿ ಕಂಡವು. ಕಣ್ಣು ಒರೆಸಿಕೊಂಡೆ. ಮತ್ತೆ ಹಾಗೆಯೇ ಆಯಿತು. ಎಲ್ಲಿದ್ದೆ ಎಂದು ಮರೆತೆ. ಎಣಿಸಿ ಬದಿಗಿಟ್ಟಿದ್ದನ್ನೂ ಎಣಿಸದ್ದನ್ನೂ ಒಟ್ಟಿಗೆ ತಟ್ಟೆಗೆ ಹಾಕಿ, ಮೊದಲಿನಿಂದ ಶುರು ಮಾಡಿದೆ.